ಎದುರಾಡುವ ಮಗುವಿಗೆ ಮದ್ದು ಎಲ್ಲಿದೆ?

"ಡಾಕ್ಟರೇ, ಇವನು ಯಾರ ಮಾತನ್ನೂ ಕೇಳುವುದಿಲ್ಲ. ಏನು ಹೇಳಿದರೂ ಎದುರುತ್ತರ. ಪಿತ್ತ ಹೆಚ್ಚಾಗಿರಬೇಕು, ಏನಾದರೂ ಕೊಡಿ." ಇಂತಹ ದೂರಿನೊಡನೆ ಮಕ್ಕಳನ್ನು ಕರೆತರುವ ತಂದೆತಾಯಿಗಳ ಸಂಖ್ಯೆ ಗೌರಿಬಿದನೂರಿನ ನಮ್ಮ ಚಿಕಿತ್ಸಾಲಯದಲ್ಲಿ ಹತ್ತು ಹದಿನೈದು ವರ್ಷಗಳಿಂದ ಹೆಚ್ಚುತ್ತಲೇ ಇದೆ. ಹಿಂದೆ ಕೆಮ್ಮು, ಜಂತುಹುಳು, ಹಸಿವಾಗದಿರುವುದು ಎಂದು ಬರುತ್ತಿದ್ದರು. ಇಂದು ಅವುಗಳ ಸಾಲಿಗೆ ಸಿಟ್ಟು, ಹಟ, ಎದುರುವಾದಗಳೂ ಸೇರಿವೆ. ನಾವು ಹಟಮಾರಿ ಎನ್ನುತ್ತೇವೆ, ಗಡಿಯಾಚೆಯ ಹಿಂದೂಪುರದ ಕಡೆಯವರು ಮೊಂಡಿ ಎನ್ನುತ್ತಾರೆ. ಮಾತು ಬೇರೆಯಾದರೂ ಮನೆಯೊಳಗಿನ ಸಂಕಟ ಒಂದೇ.

ಈ ದೂರಿಗೆ ನಾವು ಕೊಡುವ ಉತ್ತರ ಅನೇಕರಿಗೆ ರುಚಿಸುವುದಿಲ್ಲ. ಎದುರಾಡುವ ಮಗುವಿಗೆ ಬೇಕಾದ ಮೊದಲ ಮದ್ದು ನಮ್ಮ ಔಷಧದ ಕಪಾಟಿನಲ್ಲಿಲ್ಲ, ಆ ಮನೆಯ ಹಿರಿಯರ ನಡೆಯಲ್ಲಿದೆ. ಬೆತ್ತ, ಗದರಿಕೆ, ಮಂತ್ರಿಸಿದ ದಾರ, ಕೊನೆಗೆ ಹಾಸ್ಟೆಲ್ಲು ಎಂದು ಒಂದೊಂದಾಗಿ ಪ್ರಯೋಗಿಸುವವರು ಮಗುವೊಂದೇ ಬದಲಾಗಲಿ, ತಾವು ಮಾತ್ರ ಇದ್ದಂತೆಯೇ ಇರೋಣ ಎಂದು ಬಯಸುತ್ತಾರೆ. ಅದು ಆಗದ ಮಾತು. ಏಕೆ ಆಗದು, ಏನು ಮಾಡಿದರೆ ಆದೀತು ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಹಟ ಬೇರೆ, ಅಸ್ವಸ್ಥತೆ ಬೇರೆ

ಮೊದಲು ಒಂದು ಸಮಾಧಾನದ ಮಾತು. ಹಟ ಮಾಡುವ ಮಕ್ಕಳೆಲ್ಲರೂ ರೋಗಿಗಳಲ್ಲ. ಎರಡು ಮೂರು ವರ್ಷದ ಕೂಸು ನೆಲಕ್ಕೆ ಬಿದ್ದು ಹೊರಳಿ ಅಳುವುದು ಬೆಳವಣಿಗೆಯ ಲಕ್ಷಣ. 'ನಾನು' ಎಂಬ ಅರಿವು ಅದಕ್ಕೆ ಆಗ ತಾನೇ ಮೂಡುತ್ತಿರುತ್ತದೆ, ಬೇಕು ಬೇಡಗಳನ್ನು ಹೇಳಲು ಮಾತು ಮಾತ್ರ ಇನ್ನೂ ಸಾಲದು. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು ಹಿರಿಯರೊಡನೆ ವಾದಿಸುವುದೂ ಬಹುಮಟ್ಟಿಗೆ ಸಹಜವೇ.

ಪ್ರಶ್ನೆ ಕೇಳುವ ಮಗುವನ್ನು ಎದುರಾಡುವ ಮಗುವೆಂದು ತಿಳಿಯುವುದು ಇನ್ನೂ ದೊಡ್ಡ ಪ್ರಮಾದ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬೆಳೆದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಬದುಕಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಹೇಳಿದರು. ಅವರು ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಗಳ ನೆರಳಿನಲ್ಲಿ ಓದಿದ ಊರಿನವರು 'ಏಕೆ' ಎಂದು ಕೇಳುವ ಮಗುವಿನ ಬಾಯಿ ಮುಚ್ಚಿಸುವುದು ಸಲ್ಲದು. ಪ್ರಶ್ನಿಸುವ ಮಗು ಉತ್ತರ ದೊರೆತರೆ ಸುಮ್ಮನಾಗುತ್ತದೆ. ನಾವು ಇಲ್ಲಿ ಹೇಳಹೊರಟ ಮಗುವಿಗೆ ಉತ್ತರ ದೊರೆತರೂ ಸಮಾಧಾನವಿಲ್ಲ.

ಆಧುನಿಕ ಮನೋವೈದ್ಯಶಾಸ್ತ್ರ ಈ ಸ್ಥಿತಿಯನ್ನು 'ಅಪೋಸಿಷನಲ್ ಡಿಫೈಯೆಂಟ್ ಡಿಸಾರ್ಡರ್', ಸಂಕ್ಷೇಪವಾಗಿ ಒ.ಡಿ.ಡಿ. ಎಂದು ಕರೆಯುತ್ತದೆ. ಎದುರಾಟದ ಅಸ್ವಸ್ಥತೆ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದು ಮೊದಲು ಸೇರಿದ್ದು 1980ರಲ್ಲಿ. ಅದು ಎಣಿಸುವ ಲಕ್ಷಣಗಳು ಎಂಟು: ಪದೇಪದೇ ಸಿಟ್ಟಿಗೇಳುವುದು, ಸಣ್ಣ ಮಾತಿಗೂ ಕೆರಳುವುದು, ಮನಸ್ಸಿನಲ್ಲಿ ಸದಾ ಕೋಪ ಮತ್ತು ಅಸಮಾಧಾನ ತುಂಬಿರುವುದು, ಹಿರಿಯರೊಡನೆ ವಾದಕ್ಕಿಳಿಯುವುದು, ಹೇಳಿದ ಕೆಲಸವನ್ನು ಮಾಡೆನೆಂದು ನಿರಾಕರಿಸುವುದು, ಬೇಕೆಂದೇ ಇತರರನ್ನು ರೇಗಿಸುವುದು, ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದು, ಹಗೆ ಸಾಧಿಸುವುದು. ಇವುಗಳಲ್ಲಿ ನಾಲ್ಕಾದರೂ ಕನಿಷ್ಠ 6 ತಿಂಗಳ ಕಾಲ ಇರಬೇಕು. ಒಡಹುಟ್ಟಿದವರೊಡನೆ ಮಾತ್ರ ಜಗಳವಾಡಿದರೆ ಸಾಲದು, ಬೇರೆಯವರೊಡನೆಯೂ ಹಾಗೆಯೇ ನಡೆದುಕೊಳ್ಳುತ್ತಿರಬೇಕು. 5 ವರ್ಷದೊಳಗಿನ ಮಗುವಿನಲ್ಲಾದರೆ ಬಹುತೇಕ ಪ್ರತಿದಿನ, ಅದಕ್ಕಿಂತ ದೊಡ್ಡ ಮಗುವಿನಲ್ಲಾದರೆ ವಾರಕ್ಕೊಮ್ಮೆಯಾದರೂ ಕಾಣುತ್ತಿರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಅದರಿಂದ ಮಗುವಿನ ಓದಿಗೋ ಮನೆಯ ನೆಮ್ಮದಿಗೋ ಗೆಳೆತನಕ್ಕೋ ಹಾನಿಯಾಗುತ್ತಿರಬೇಕು.

ಲೋಕದ ವಿವಿಧೆಡೆಯ ಅಧ್ಯಯನಗಳ ಸರಾಸರಿಯಂತೆ ನೂರು ಮಕ್ಕಳಲ್ಲಿ ಸುಮಾರು ಮೂವರಿಗೆ ಈ ತೊಂದರೆ ಇರುತ್ತದೆ. ಎಳೆಯ ವಯಸ್ಸಿನಲ್ಲಿ ಹುಡುಗರಲ್ಲಿ ತುಸು ಹೆಚ್ಚು. ಅಂದರೆ ಮೂವತ್ತು ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಅಂತಹ ಒಂದು ಮಗು ಇರುವ ಸಂಭವವುಂಟು. ಲಕ್ಷಣಗಳ ಪಟ್ಟಿಯನ್ನು ಓದಿದೊಡನೆ ಮನೆಯ ಮಗುವಿಗೆ ಹೆಸರು ಕಟ್ಟಬಾರದು. ನಿರ್ಣಯ ತಜ್ಞರದು. ತಂದೆತಾಯಿಗಳ ಕೆಲಸ ಗಮನಿಸುವುದು.

ಹೆದರಿಸಬೇಡಿ ಎಂದಿತು ಶಾಸ್ತ್ರ

ಮಕ್ಕಳ ಆರೈಕೆ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು, ಅದರ ಹೆಸರು ಕೌಮಾರಭೃತ್ಯ. ಒ.ಡಿ.ಡಿ. ಎಂಬ ಹೆಸರು ನಮ್ಮ ಸಂಹಿತೆಗಳಲ್ಲಿಲ್ಲ. ಇಲ್ಲದ್ದನ್ನು ಇದೆಯೆಂದು ತೋರಿಸಿ ಹೆಮ್ಮೆಪಡುವುದು ಶಾಸ್ತ್ರಕ್ಕೆ ಮಾಡುವ ಉಪಕಾರವಲ್ಲ. ಆದರೆ ಮಾತು ಕೇಳದ ಮಗುವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಬಗ್ಗೆ ಸ್ಪಷ್ಟವಾದ ವಿಧಿಯಿದೆ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಶಿಶುಪಾಲನೆಯನ್ನು ವಿವರಿಸುವಾಗ, ಮಗುವನ್ನು ಹೆದರಿಸುವುದು ಒಳ್ಳೆಯದಲ್ಲವೆನ್ನುತ್ತದೆ. ಮಗು ಅಳುತ್ತಿರಲಿ, ಉಣ್ಣದಿರಲಿ, ಹೇಳಿದಂತೆ ಕೇಳದಿರಲಿ, ಆಗಲೂ ರಾಕ್ಷಸ, ಪಿಶಾಚಿ, ಪೂತನಿಯರ ಹೆಸರು ಹಿಡಿದು ಬೆದರಿಸಕೂಡದೆಂದು ಅಲ್ಲಿ ನಿಷೇಧವಿದೆ. ಅದೇ ಅಧ್ಯಾಯ, ಮಗುವಿನ ಆಟಿಕೆಗಳು ಕೂಡ ಹೆದರಿಕೆ ಹುಟ್ಟಿಸುವಂತಿರಬಾರದೆನ್ನುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಮಗುವನ್ನು ಗದರಬಾರದು, ನಿದ್ರೆಯಿಂದ ಥಟ್ಟನೆ ಎಬ್ಬಿಸಬಾರದು, ಪ್ರಿಯವಾದ ಮಾತು ಮತ್ತು ನಡೆಗಳಿಂದ ಒಲಿಸಿಕೊಳ್ಳಬೇಕು ಎಂದು ವಿಧಿಸುತ್ತದೆ. 'ಗುಮ್ಮ ಬಂತು', 'ಪೊಲೀಸಿನವರಿಗೆ ಹಿಡಿದುಕೊಡುತ್ತೇನೆ', 'ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ' ಎಂದು ಮಕ್ಕಳನ್ನು ಬೆಳೆಸುತ್ತಿರುವವರು ತಾವು ಪರಂಪರೆಯನ್ನು ಪಾಲಿಸುತ್ತಿದ್ದೇವೆ ಎಂದುಕೊಂಡಿದ್ದರೆ ಈ ಎರಡು ಅಧ್ಯಾಯಗಳನ್ನು ಓದಬೇಕು.

ಚರಕರು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಮನಸ್ಸಿಗೆ ಸಂಬಂಧಿಸಿದ ಬಗೆಯನ್ನು ಸತ್ತ್ವಾವಜಯ ಎಂದು ಕರೆದಿದ್ದಾರೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದು ಎಂದು ಅದರ ಅರ್ಥ. ಕೋಪ, ಲೋಭ, ಭಯಗಳ ವೇಗಗಳನ್ನು ತಡೆಹಿಡಿಯಬೇಕೆಂದೂ ಅವರು ಹೇಳಿದ್ದಾರೆ. ಎಂಟು ವರ್ಷದ ಮಗುವಿಗೆ ಕೋಪವನ್ನು ತಡೆಹಿಡಿಯುವ ವಿದ್ಯೆ ತಾನಾಗಿ ಬರುವುದಿಲ್ಲ. ಅದನ್ನು ಬಲ್ಲ ಒಬ್ಬ ಹಿರಿಯರನ್ನು ಮನೆಯಲ್ಲಿ ದಿನವೂ ನೋಡಿ ಕಲಿಯಬೇಕು. ಸಿಟ್ಟಿನಿಂದ ಕೂಗುತ್ತಾ 'ಸಿಟ್ಟು ಮಾಡಬೇಡ' ಎಂದು ಹೇಳುವ ತಂದೆಯಿಂದ ಮಗು ಕಲಿಯುವುದು ಮಾತನ್ನಲ್ಲ, ಕೂಗನ್ನು.

ಮನೆಯೊಳಗಿನ ಸುಳಿ

ಕೆಲವು ಮಕ್ಕಳು ಹುಟ್ಟಿನಿಂದಲೇ ತೀಕ್ಷ್ಣ ಸ್ವಭಾವದವರು. ಬೇಗ ಕೆರಳುತ್ತಾರೆ, ನಿಧಾನವಾಗಿ ತಣಿಯುತ್ತಾರೆ. ಪ್ರಕೃತಿಯೆಂದು ನಾವು ಕರೆಯುವ ಇದು ರೋಗವಲ್ಲ, ಯಾರ ತಪ್ಪೂ ಅಲ್ಲ. ಆದರೆ ಇಂತಹ ಮಗುವಿಗೆ ಮನೆಯಲ್ಲಿ ದೊರೆಯುವ ಉತ್ತರ ಎಂತಹುದು ಎಂಬುದರ ಮೇಲೆ ಮುಂದಿನ ದಾರಿ ನಿರ್ಧಾರವಾಗುತ್ತದೆ.

ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿಯೂ ಅವರ ಸಂಗಡಿಗರೂ ಇಂತಹ ಮಕ್ಕಳ ಮನೆಗಳಿಗೇ ಹೋಗಿ, ತಂದೆತಾಯಿ ಮಕ್ಕಳ ನಡುವೆ ನಡೆಯುವ ಮಾತು ವರ್ತನೆಗಳನ್ನು ಸೂಕ್ಷ್ಮವಾಗಿ ದಾಖಲಿಸಿದರು. 1982ರಲ್ಲಿ ಪುಸ್ತಕವಾಗಿ ಬಂದ ಅವರ ಕಾಣ್ಕೆಯನ್ನು ನಮ್ಮ ಮನೆಗಳ ಭಾಷೆಯಲ್ಲಿ ಹೀಗೆ ಹೇಳಬಹುದು.

ತಾಯಿ, "ಮೊಬೈಲ್ ಇಡು, ಓದಿಕೋ" ಎನ್ನುತ್ತಾಳೆ. ಮಗು ಕೇಳುವುದಿಲ್ಲ. ಎರಡನೆಯ ಸಲ ದನಿ ಏರುತ್ತದೆ, ಮಗುವಿನ ದನಿಯೂ ಏರುತ್ತದೆ. ಮೂರನೆಯ ಸಲಕ್ಕೆ ಮಗು ಕಿರುಚಿ ಪುಸ್ತಕ ಎಸೆಯುತ್ತದೆ. ಒಳಗಿನಿಂದ ಅಜ್ಜಿ, "ಸಂಜೆ ಹೊತ್ತು ಮಗುವನ್ನು ಯಾಕೆ ಅಳಿಸುತ್ತೀಯೆ, ಬಿಡು" ಎನ್ನುತ್ತಾರೆ. ದಣಿದ ತಾಯಿ ಬಿಟ್ಟುಬಿಡುತ್ತಾಳೆ. ಮನೆ ಶಾಂತವಾಗುತ್ತದೆ. ಆದರೆ ಆ ಕ್ಷಣದಲ್ಲಿ ಮಗು ಒಂದು ಪಾಠ ಕಲಿತಿದೆ: ಸಾಕಷ್ಟು ಕೂಗಿದರೆ ಆಜ್ಞೆ ಅಳಿಸಿಹೋಗುತ್ತದೆ. ತಾಯಿಯೂ ಒಂದು ಪಾಠ ಕಲಿತಿದ್ದಾಳೆ: ಬಿಟ್ಟುಕೊಟ್ಟರೆ ನೆಮ್ಮದಿ. ರಾತ್ರಿ ತಂದೆ ಬರುತ್ತಾನೆ. ದೂರು ಕೇಳಿ ಎರಡು ಬಾರಿಸುತ್ತಾನೆ. ಮಗು ಸುಮ್ಮನಾಗುತ್ತದೆ. ಈಗ ಮಗು ಕಲಿತದ್ದು: ಬಲವುಳ್ಳವನ ಮಾತೇ ನಡೆಯುತ್ತದೆ. ತಂದೆ ಕಲಿತದ್ದು: ಹೊಡೆದರೆ ಕೆಲಸವಾಗುತ್ತದೆ. ಮರುದಿನ ಇದೇ ಆಟ ಇನ್ನೊಂದು ಮೆಟ್ಟಿಲು ಮೇಲಿನಿಂದ ಆರಂಭವಾಗುತ್ತದೆ.

ಬಿಟ್ಟುಕೊಡುವುದು ಪ್ರೀತಿ, ಹೊಡೆಯುವುದು ಶಿಸ್ತು ಎಂದು ನಾವು ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ಮಗುವಿನ ಮಟ್ಟಿಗೆ ಎರಡೂ ಒಂದೇ ಪಾಠದ ಎರಡು ಪುಟಗಳು. ಜೋರು ಮಾಡಿದವರು ಗೆಲ್ಲುತ್ತಾರೆ ಎಂಬುದೇ ಆ ಪಾಠ. ವರ್ಷಗಟ್ಟಲೆ ಇದನ್ನು ಕಲಿಸಿ, ಕಲಿತ ಮಗುವನ್ನು ರೋಗಿಯೆಂದು ವೈದ್ಯರ ಬಳಿ ತರುವುದು ನ್ಯಾಯವೇ?

ಇದನ್ನು ಓದಿ ತಾಯಂದಿರು ತಮ್ಮನ್ನು ಹಳಿದುಕೊಳ್ಳಬಾರದು. ಬೆಳಿಗ್ಗೆ ಏಳಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತಿ ಸಂಜೆ ಮರಳಿ, ಒಲೆ ಹಚ್ಚುವ ಹೆಣ್ಣುಮಗಳಿಗೆ ಮೂರನೆಯ ಸಲದ ಕಿರುಚಾಟವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ. ಮನೆಯಲ್ಲಿ ಕುಡಿತವಿದ್ದರೆ, ಸಾಲವಿದ್ದರೆ, ತಾಯಿಯ ಮನಸ್ಸೇ ಕುಗ್ಗಿದ್ದರೆ ಈ ಸುಳಿ ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ಮಗುವಿನ ಎದುರಾಟಕ್ಕೆ ತಾಯೊಬ್ಬಳನ್ನೇ ಹೊಣೆ ಮಾಡುವ ಬಂಧುಗಳು ಆ ಸಂಜೆಯ ಕೆಲಸದಲ್ಲಿ ತಮ್ಮ ಪಾಲೆಷ್ಟು ಎಂದು ಮೊದಲು ಕೇಳಿಕೊಳ್ಳಲಿ.

'ದಂಡಂ ದಶಗುಣಂ' ಎಂಬುವರಿಗೆ

"ನಾವೆಲ್ಲ ಏಟು ತಿಂದೇ ಬೆಳೆದವರು, ನಮಗೇನಾಗಿದೆ?" ಎಂದು ನಮ್ಮ ವಾರಿಗೆಯವರು ಕೇಳುತ್ತಾರೆ. ಅರವತ್ತು ದಾಟಿದ ನಾವೂ ಬೆತ್ತದ ಶಾಲೆಗಳಲ್ಲೇ ಕಲಿತವರು. ಏಟು ತಿಂದೂ ಓದಿ ಮೇಲೆ ಬಂದವರು ಇಂದು ಸಭೆಗಳಲ್ಲಿ ಅದನ್ನು ನಗುತ್ತಾ ನೆನೆಯುತ್ತಾರೆ. ಏಟಿಗೆ ಹೆದರಿ ಮೂರನೆಯ ತರಗತಿಗೇ ಶಾಲೆ ಬಿಟ್ಟು ಕುರಿಯ ಹಿಂದೆ, ಇಟ್ಟಿಗೆ ಗೂಡಿಗೆ ಹೋದವರಿಗೆ ಆ ಸಭೆಗಳಲ್ಲಿ ಕುರ್ಚಿಯಿಲ್ಲ. ಬೆತ್ತದ ಗುಣವನ್ನು ಉಳಿದವರಿಂದ ಮಾತ್ರ ಕೇಳಿ ನಿರ್ಧರಿಸಬಾರದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಹೊಡೆತದ ಸಮರ್ಥನೆಗೆ ಬಳಸುತ್ತಾರೆ. ನಮ್ಮ ಜಿಲ್ಲೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ ನೋಡಿ. ಎಳೆಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವವರು ಅದನ್ನು ಬಡಿಯುವುದಿಲ್ಲ. ಕೋಲು ನೆಟ್ಟು, ಸಡಿಲವಾಗಿ ಕಟ್ಟಿ, ದಿನದಿನವೂ ತಿದ್ದುತ್ತಾರೆ. ಬಗ್ಗಿಸುವುದೆಂದರೆ ಅದು.

ಕಾನೂನೂ ಈಗ ಬೆತ್ತದ ಪರವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಸರ್ವರ ಮುಂದೆ ಅವಮಾನಿಸುವುದು ಕೂಡ ಹಿಂಸೆಯೇ. ಮಠಕ್ಕೆ ಬಂದಾಗ ಗುರುಗಳ ಸನ್ನಿಧಿಯಲ್ಲಿ, ನೂರು ಜನ ಕುಳಿತಿರುವಾಗ, "ಬುದ್ಧಿ, ಇವನು ಮಾತು ಕೇಳುವುದಿಲ್ಲ, ಸ್ವಲ್ಪ ಗದರಿ" ಎಂದು ಮಗುವನ್ನು ಮುಂದೆ ನೂಕುವ ಭಕ್ತರಿದ್ದಾರೆ. ಆಶೀರ್ವಾದದ ಜಾಗ ಮಗುವಿನ ಮನಸ್ಸಿನಲ್ಲಿ ಅವಮಾನದ ಜಾಗವಾಗಿ ಉಳಿಯಬಾರದು. ಹೇಳಲೇಬೇಕಿದ್ದರೆ ಮಗುವಿನ ಮರೆಯಲ್ಲಿ ಹೇಳಿ. ಎದುರಿಗೆ ಅದು ಮಾಡಿದ ಒಂದಾದರೂ ಒಳ್ಳೆಯ ಕೆಲಸವನ್ನು ಹೇಳಿ.

ಎದುರಾಟದ ಹಿಂದೆ ಅಡಗಿರುವುದು

ಕೆಲವು ವರ್ಷಗಳ ಹಿಂದೆ ಒಂಬತ್ತು ವರ್ಷದ ಬಾಲಕನೊಬ್ಬನನ್ನು ನಮ್ಮಲ್ಲಿಗೆ ತಂದಿದ್ದರು. ತಂದೆ ಸರಕು ಗಾಡಿಯ ಚಾಲಕರು, ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ ಮನೆಯಲ್ಲಿರುವವರು. ಹಗಲೆಲ್ಲ ಬಾಲಕ ಅಜ್ಜಿಯ ಜೊತೆ. ಶಾಲೆಯಲ್ಲಿ ಪುಸ್ತಕ ಎಸೆಯುತ್ತಾನೆ, ಮೇಷ್ಟರಿಗೆ ಎದುರಾಡುತ್ತಾನೆ, ಮನೆಯಲ್ಲಿ ಓದು ಎಂದರೆ ತಟ್ಟೆ ಒಡೆಯುತ್ತಾನೆ ಎಂಬುದು ದೂರು. ಮೀನಖಂಡದ ಮೇಲೆ ಬೆತ್ತದ ಬಾಸುಂಡೆಗಳಿದ್ದವು. ತಂದೆಯ ಜೇಬಿನಲ್ಲಿ ದೂರದ ಹಾಸ್ಟೆಲೊಂದಕ್ಕೆ ಭರ್ತಿ ಮಾಡಿದ ಅರ್ಜಿಯಿತ್ತು.

ಬಾಲಕನೊಬ್ಬನನ್ನೇ ಕೂರಿಸಿಕೊಂಡು ಮಾತನಾಡಿದೆವು. ರೇಷ್ಮೆಗೂಡಿನ ತೂಕಕ್ಕೂ ದರಕ್ಕೂ ಲೆಕ್ಕ ಹಾಕಿ ಬಾಯಲ್ಲೇ ಹೇಳಿದ. ಆದರೆ ಎರಡು ಸಾಲು ಕನ್ನಡ ಓದಲು ಕೊಟ್ಟಾಗ ಅವನ ಮುಖ ಬದಲಾಯಿತು, ಕಾಗದವನ್ನು ಮುದುರಿದ. ಒತ್ತಕ್ಷರಗಳು ಅವನಿಗೆ ಗೋಜಲು, ಸಾಲು ತಪ್ಪಿಹೋಗುತ್ತಿತ್ತು. ತರಗತಿಯಲ್ಲಿ ತನ್ನ ಸರದಿ ಬರುವ ಮೊದಲೇ ಪುಸ್ತಕ ಎಸೆದರೆ ಹೊರಗೆ ನಿಲ್ಲಿಸುತ್ತಾರೆ, ಓದುವ ಕಷ್ಟ ತಪ್ಪುತ್ತದೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ತುಂಟನೆನಿಸಿಕೊಳ್ಳುವುದು ಅವನಿಗೆ ಗೌರವದ ದಾರಿಯಾಗಿ ಕಂಡಿತ್ತು. ಅವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸಿದೆವು. ಓದುವಿಕೆಯಲ್ಲಿ ಕಲಿಕಾ ನ್ಯೂನತೆ ಇದೆಯೆಂದು ಅಲ್ಲಿ ಗುರುತಿಸಿ, ಓದಿಸುವ ಕ್ರಮವನ್ನೂ ಮನೆಯವರು ನಡೆದುಕೊಳ್ಳಬೇಕಾದ ಬಗೆಯನ್ನೂ ತಿಳಿಸಿದರು. ಎಂಟು ತಿಂಗಳಾದ ಮೇಲೂ ಬಾಲಕ ಸಾಧುವಾಗಿರಲಿಲ್ಲ, ವಾದ ಮಾಡುತ್ತಲೇ ಇದ್ದ. ಆದರೆ ಎಸೆಯುವುದು, ಒಡೆಯುವುದು ನಿಂತಿತ್ತು. ಹಾಸ್ಟೆಲಿನ ಅರ್ಜಿಯನ್ನು ತಂದೆ ಸಲ್ಲಿಸಲಿಲ್ಲ.

ಆದ್ದರಿಂದಲೇ ಎದುರಾಡುವ ಪ್ರತಿ ಮಗುವಿನ ವಿಷಯದಲ್ಲೂ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಮಗುವಿಗೆ ಕಿವಿ ಸರಿಯಾಗಿ ಕೇಳುತ್ತಿದೆಯೇ? ಕಣ್ಣು ಕಾಣುತ್ತಿದೆಯೇ? ರಕ್ತಹೀನತೆ ಇದೆಯೇ? ನಿದ್ರೆ ಸಾಕಷ್ಟಿದೆಯೇ? ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ. ಇದೆಯೇ? ಎದುರಾಟದ ಅಸ್ವಸ್ಥತೆಯ ಜೊತೆಗೆ ಇದು ಬಹಳಷ್ಟು ಮಕ್ಕಳಲ್ಲಿ ಇರುತ್ತದೆ. ಮಗುವಿನೊಳಗೆ ದುಃಖವಿದೆಯೇ? ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿದ್ದರೆ ಯಾರಾದರೂ ಹಿಂಸಿಸುತ್ತಿದ್ದಾರೆಯೇ, ಮುಟ್ಟಬಾರದಂತೆ ಮುಟ್ಟುತ್ತಿದ್ದಾರೆಯೇ? ಈ ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವುದು ಅಪಾಯಕರ.

ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ನಗರ ಹಾಗೂ ಗ್ರಾಮೀಣ ಪ್ರದೇಶಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಂತಹ ಮಕ್ಕಳ ಕುಟುಂಬಗಳಲ್ಲಿ ಹೆಚ್ಚಿನವು ತಮ್ಮ ಮಗುವಿಗೆ ತೊಂದರೆಯಿದೆಯೆಂದೇ ಭಾವಿಸಿರಲಿಲ್ಲ. ಕಾಣದ ರೋಗಕ್ಕೆ ಚಿಕಿತ್ಸೆ ಎಲ್ಲಿಂದ ಬಂದೀತು? ಅದು ತುಂಟತನವೆಂದೋ ಸೋಮಾರಿತನವೆಂದೋ ಹೆಸರು ಪಡೆದು ಏಟು ತಿನ್ನುತ್ತದೆ.

ಹಾಸ್ಟೆಲ್ಲು ಶಿಕ್ಷೆಯಲ್ಲ

ನಮ್ಮ ನಾಡಿನ ಮಠಗಳು ಊಟ, ವಸತಿ ಕೊಟ್ಟು ಬಡ ಮಕ್ಕಳನ್ನು ಓದಿಸಿದ ರೀತಿ ಜಗತ್ತಿಗೇ ಮಾದರಿ. ನೆರೆಯ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುವುದನ್ನು ಎಲ್ಲರೂ ಬಲ್ಲರು. ವಿದ್ಯೆಗಾಗಿ ಅಲ್ಲಿಗೆ ಹೋಗುವ ಮಗು ಪುಣ್ಯವಂತ ಮಗು. ನಮ್ಮ ಆಕ್ಷೇಪ ಬೇರೆಯದು. "ಮನೆಯಲ್ಲಿ ತಡೆಯಲಾಗುವುದಿಲ್ಲ, ಹಾಸ್ಟೆಲಿಗೆ ಹಾಕಿದರೆ ಬುದ್ಧಿ ಬರುತ್ತದೆ" ಎಂದು ಎದುರಾಡುವ ಮಗುವನ್ನು ಕಳುಹಿಸುವುದು ವಿದ್ಯಾದಾನದ ಜಾಗವನ್ನು ಸೆರೆಮನೆ ಮಾಡಿದಂತೆ.

ಹಾಗೆ ಕಳುಹಿಸಿದರೆ ಏನಾಗುತ್ತದೆ? ಮಗುವಿಗೆ ಅರ್ಥವಾಗುವುದು ಒಂದೇ, ತಾನು ಮನೆಗೆ ಬೇಡವಾದೆ ಎಂದು. ಅಪರಿಚಿತರ ನಡುವೆ ಕೆಲವು ದಿನ ಮೆತ್ತಗಾಗಬಹುದು. ತಂದೆತಾಯಿ ಅದನ್ನೇ ಗುಣವೆಂದು ತಿಳಿಯುತ್ತಾರೆ. ದಸರಾ ರಜೆಗೆ ಅದೇ ಮನೆಗೆ, ಅದೇ ಮಾತಿಗೆ, ಅದೇ ಸುಳಿಗೆ ಮರಳುತ್ತದೆ. ಮನೆಯಲ್ಲಿ ಏನೂ ಬದಲಾಗಿಲ್ಲವಾದ್ದರಿಂದ ಮಗುವೂ ಬದಲಾಗಿರುವುದಿಲ್ಲ, ಜೊತೆಗೆ ಒಂದು ಹಗೆ ಸೇರಿರುತ್ತದೆ. ಓದಲು ಬಾರದ, ಕಿವಿ ಕೇಳದ, ಒಳಗೆ ದುಃಖವಿರುವ ಮಗುವಾದರೆ ಅದರ ಕಷ್ಟವನ್ನು ಗುರುತಿಸುವ ಕಣ್ಣೂ ದೂರವಾಗುತ್ತದೆ. ಹತ್ತಾರು ಮಕ್ಕಳನ್ನು ನೋಡಿಕೊಳ್ಳುವ ವಾರ್ಡನ್ನರು ಮನಸ್ಸಿದ್ದರೂ ಒಬ್ಬನಿಗೆ ಎಷ್ಟು ಸಮಯ ಕೊಟ್ಟಾರು? ಮಗುವನ್ನು ವಿದ್ಯೆಗಾಗಿ, ಅದರ ಒಪ್ಪಿಗೆ ಪಡೆದು ಕಳುಹಿಸಿ. ಬುದ್ಧಿ ಕಲಿಸಲೆಂದು ಕಳುಹಿಸಬೇಡಿ.

ಮನೆಯಲ್ಲಿ ಮಾಡಬೇಕಾದದ್ದು

ಮಗುವಿಗಿಂತ ಮೊದಲು ತಂದೆತಾಯಿಗಳಿಗೆ ತರಬೇತಿ ಕೊಡುವುದೇ ಎದುರಾಟದ ಅಸ್ವಸ್ಥತೆಗೆ ಇಂದು ಹೆಚ್ಚು ಆಧಾರವುಳ್ಳ ಚಿಕಿತ್ಸೆ. ಅದರ ಸಾರ ಹೀಗಿದೆ.

ಮೊದಲನೆಯದು, ದಿನಕ್ಕೆ ಹತ್ತು ಹದಿನೈದು ನಿಮಿಷ ಮಗುವಿನೊಡನೆ ಅದರ ಇಷ್ಟದಂತೆ ಕಳೆಯಿರಿ. ಆ ಹೊತ್ತಿನಲ್ಲಿ ಬೋಧನೆಯಿಲ್ಲ, ಪರೀಕ್ಷೆಯಿಲ್ಲ, ಮೊಬೈಲಿಲ್ಲ. ಚೌಕಾಬಾರ ಆಡಬಹುದು, ತೋಟದಲ್ಲಿ ನಡೆದಾಡಬಹುದು. ಭಾನುವಾರದ ಎಣ್ಣೆಸ್ನಾನವೂ ಆಗಬಹುದು. ಅಭ್ಯಂಗವು ದೇಹಕ್ಕೆ ಹಿತವೆಂದು ಆಯುರ್ವೇದ ಹೇಳುತ್ತದೆ. ಹಗಲೆಲ್ಲ ಬೈಸಿಕೊಳ್ಳುವ ಮಗುವಿನ ನೆತ್ತಿಯ ಮೇಲೆ ತಂದೆಯ ಕೈ ಸಿಟ್ಟಿಲ್ಲದೆ ಕೂರುವುದು ಮನಸ್ಸಿಗೂ ಹಿತ.

ಎರಡನೆಯದು, ಒಳ್ಳೆಯದನ್ನು ಮಾಡುತ್ತಿರುವಾಗಲೇ ಗುರುತಿಸಿ ಹೇಳಿರಿ. 'ಜಾಣ ಮರಿ' ಎಂಬ ಸಾಮಾನ್ಯ ಹೊಗಳಿಕೆ ಸಾಲದು. 'ಒಂದೇ ಸಲ ಹೇಳಿದ್ದಕ್ಕೆ ಚಪ್ಪಲಿ ಜೋಡಿಸಿಟ್ಟೆ, ಸಂತೋಷವಾಯಿತು' ಎಂದು ಆ ಕೆಲಸವನ್ನೇ ಹೆಸರಿಸಿರಿ.

ಮೂರನೆಯದು, ಆಜ್ಞೆಗಳನ್ನು ಕಡಿಮೆ ಮಾಡಿರಿ. ಅಡುಗೆಮನೆಯಿಂದ ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಕಣ್ಣು ನೋಡಿ, ತಗ್ಗಿದ ದನಿಯಲ್ಲಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ಸಾಧ್ಯವಾದಲ್ಲಿ ಆಯ್ಕೆ ಕೊಡಿ: ಮೊದಲು ಲೆಕ್ಕವೋ, ಮೊದಲು ಕಾಪಿ ಬರೆಯುವುದೋ? ಆಯ್ಕೆಯಿದ್ದಲ್ಲಿ ಎದುರಾಟಕ್ಕೆ ಎಡೆ ಕಡಿಮೆ.

ನಾಲ್ಕನೆಯದು, ಹೇಳಿದ ಮೇಲೆ ನಡೆಸಿರಿ. ನಡೆಸಲಾಗದ್ದನ್ನು ಹೇಳಲೇಬೇಡಿ. 'ಮನೆಯಿಂದ ಓಡಿಸುತ್ತೇನೆ' ಎಂಬ ಬೆದರಿಕೆ ಸುಳ್ಳೆಂದು ಮಗುವಿಗೆ ಗೊತ್ತು. ಪರಿಣಾಮ ಸಣ್ಣದಾಗಿರಲಿ, ಅಂದೇ ಆಗಲಿ, ಮೊದಲೇ ತಿಳಿಸಿದ್ದಾಗಿರಲಿ. ಉದಾಹರಣೆಗೆ, ಇಂದಿನ ಟಿ.ವಿ. ಅರ್ಧ ಗಂಟೆ ಕಡಿತ. ಊಟ, ನೀರು, ನಿದ್ರೆ, ಪ್ರೀತಿ ಇವುಗಳನ್ನು ಶಿಕ್ಷೆಯಾಗಿ ಎಂದಿಗೂ ಕಡಿತಗೊಳಿಸಬಾರದು.

ಐದನೆಯದು, ಮನೆಯಲ್ಲಿ ಒಂದೇ ನಿಯಮವಿರಲಿ. ತಾಯಿ ಬೇಡವೆಂದದ್ದನ್ನು ಅಜ್ಜಿ ಸೆರಗಿನಲ್ಲಿ ಮುಚ್ಚಿಟ್ಟು ಕೊಟ್ಟರೆ ತಾಯಿಯ ಮಾತು ಸೋಲುತ್ತದೆ. ಅಜ್ಜಿ ತಾತಂದಿರಲ್ಲಿ ನಮ್ಮ ವಿನಂತಿಯಿಷ್ಟೇ: ಮೊಮ್ಮಗುವಿನ ಎದುರು ಸೊಸೆಯ ಮಾತನ್ನು ತೆಗೆದುಹಾಕಬೇಡಿ. ಭಿನ್ನಾಭಿಪ್ರಾಯವಿದ್ದರೆ ಮಗು ಮಲಗಿದ ಮೇಲೆ ಮಾತನಾಡಿ.

ಆರನೆಯದು, ದಿನಚರಿ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ, ಸಂಜೆ ಬಯಲಿನಲ್ಲಿ ಆಟ. ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ರಾತ್ರಿ ಒಂಬತ್ತು ಹತ್ತು ಗಂಟೆಗಳ ನಿದ್ರೆ ಬೇಕು. ಹನ್ನೊಂದರವರೆಗೆ ಮೊಬೈಲ್ ನೋಡಿ ಆರಕ್ಕೆ ಏಳುವ ಮಗು ಸಿಡುಕದಿದ್ದರೆ ಅದೇ ಆಶ್ಚರ್ಯ.

ಒಂದು ಎಚ್ಚರಿಕೆ. ಕೂಗಿಗೆ ಮಣಿಯುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಎದುರಾಟ ಹೆಚ್ಚುತ್ತದೆ. ಹಿಂದೆ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದಾಗ ಯಾರಾದರೂ ಇನ್ನಷ್ಟು ಜೋರಾಗಿ ತಟ್ಟುವಂತೆ ಅದು. ಬಹುಪಾಲು ಮನೆಗಳು ಸೋಲುವುದು ಇಲ್ಲಿಯೇ. ಎಂಟನೆಯ ದಿನ ಮಣಿದರೆ, ಎಂಟು ದಿನ ಕೂಗಿದರೆ ಸಾಕೆಂಬುದನ್ನು ಮಗು ಕಲಿಯುತ್ತದೆ.

ಔಷಧದ ಮಾತು

ಬ್ರಾಹ್ಮೀ, ಶಂಖಪುಷ್ಪಿಗಳ ಹೆಸರಿನಲ್ಲಿ ಮಾರುವ ಟಾನಿಕ್ಕುಗಳನ್ನು ಹಟ ಬಿಡಿಸುವ ಮದ್ದೆಂದು ಕೊಳ್ಳುವವರಿದ್ದಾರೆ. ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತಿದ್ದೇವೆ: ಎದುರಾಟವನ್ನು ಬಿಡಿಸುವ ಕಷಾಯವಾಗಲಿ, ಘೃತವಾಗಲಿ, ಲೇಹ್ಯವಾಗಲಿ ಇಲ್ಲ. ಅಜೀರ್ಣ, ರಕ್ತಹೀನತೆ, ನಿದ್ರಾಹೀನತೆಗಳಿದ್ದರೆ ಅವಕ್ಕೆ ಚಿಕಿತ್ಸೆಯುಂಟು, ಅದರಿಂದ ಸಿಡುಕು ತುಸು ಕಡಿಮೆಯಾದೀತು. ಭಸ್ಮ, ರಸೌಷಧಿಗಳನ್ನು ಅರ್ಹ ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡುವುದು ಅಪಾಯ. ಅಲೋಪತಿಯಲ್ಲಿಯೂ ಎದುರಾಟಕ್ಕೆಂದೇ ಮೀಸಲಾದ ಮಾತ್ರೆಯಿಲ್ಲ. ಎ.ಡಿ.ಎಚ್.ಡಿ.ಯಂತಹ ತೊಂದರೆ ಜೊತೆಗಿದ್ದರೆ ಅದಕ್ಕೆ ಮನೋವೈದ್ಯರು ಔಷಧ ಕೊಡುತ್ತಾರೆ, ಅದನ್ನು ನಿಲ್ಲಿಸಿ ನಮ್ಮಲ್ಲಿಗೆ ಬರಬೇಡಿ.

ಆರು ತಿಂಗಳಾದರೂ ತಗ್ಗದಿದ್ದರೆ, ಮಗು ತನಗೋ ಇತರರಿಗೋ ಪ್ರಾಣಿಗಳಿಗೋ ನೋವು ಮಾಡುತ್ತಿದ್ದರೆ, ಕದಿಯುವುದು, ಮನೆ ಬಿಟ್ಟು ಹೋಗುವುದು ಆರಂಭವಾಗಿದ್ದರೆ, ಸಾಯುವ ಮಾತು ಆಡಿದರೆ ತಡಮಾಡಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮ ಜಿಲ್ಲೆಯಲ್ಲಿಯೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರು ಬರುವ ದಿನವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಯಬಹುದು. ಶಾಲೆಗೂ ಅಂಗನವಾಡಿಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವಿನ ಕಿವಿ, ಕಣ್ಣು, ಕಲಿಕೆಯ ತೊಂದರೆಗಳನ್ನು ಹೇಳಬಹುದು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಗೌರಿಬಿದನೂರಿನಿಂದ ಬೆಳಗಿನ ರೈಲಿಗೆ ಹೊರಟರೆ ತಲುಪಬಹುದಾದ ದೂರವದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 1098ಕ್ಕೆ ತಿಳಿಸಬೇಕು. ಮನೋವೈದ್ಯರನ್ನು ಕಂಡರೆ ಮಗುವಿಗೆ ಹುಚ್ಚನೆಂಬ ಹೆಸರು ಬರುತ್ತದೆಯೆಂದು ಹೆದರುವವರು, ಕಾಣದಿದ್ದರೆ ಅದೇ ಮಗುವಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಯಾವ ಹೆಸರು ಬಂದೀತೆಂದು ಯೋಚಿಸಲಿ.

ಸದ್ಭಕ್ತರೇ, ಎದುರಾಡುವ ಮಗು ಮನೆಯ ಮಾನ ಕಳೆಯಲು ಹುಟ್ಟಿದ್ದಲ್ಲ. ಕಷ್ಟವನ್ನು ಹೇಳಿಕೊಳ್ಳಲು ಬೇರೆ ಭಾಷೆ ದೊರೆಯದೆ ಅದು ಎದುರಾಟದ ಭಾಷೆಯನ್ನು ಹಿಡಿದಿದೆ. ಬೇರೆ ಭಾಷೆಯನ್ನು ಕಲಿಸುವ ಹೊಣೆ ಹಿರಿಯರದು. ಈ ತಿಂಗಳು ಬೇರೇನೂ ಆಗದಿದ್ದರೂ ಒಂದನ್ನು ಮಾಡಿ ನೋಡಿ. ಮನೆಯಲ್ಲಿ ಬೆತ್ತವಿದ್ದರೆ ಅದನ್ನು ಒಲೆಗೆ ಹಾಕಿ. ಸಂಜೆಯ ಹದಿನೈದು ನಿಮಿಷವನ್ನು ಮಗುವಿಗೆ ಮೀಸಲಿಡಿ.